ನಿಮಗಿದು ಗೊತ್ತೇ? ನೌಕೆಯೊಳಗೆ ಜೀವ ಉಳಿಸಿಕೊಳ್ಳುವ ಲೆಕ್ಕ

2015ರಲ್ಲಿ ಬಂದ ‘ಇಲ್ಯೂಮಿನೇ’ ಎಂಬ ಹದಿಹರೆಯದವರ ಕಾದಂಬರಿ ಸುಮಾರು 600 ಪುಟಗಳಷ್ಟಿದೆ. ಇಡೀ ಪುಸ್ತಕ ಒಂದು ಕಡತದ ರೂಪದಲ್ಲಿದೆ. ಇಮೇಲ್, ಚಾಟ್, ವಿಚಾರಣೆಯ ಹೇಳಿಕೆ, ಸೇನೆಯ ವರದಿ, ಕ್ಯಾಮೆರಾ ದೃಶ್ಯಗಳ ವಿವರ, ಸತ್ತವರ ಪಟ್ಟಿ, ನಡುವೆ ನೌಕೆಯ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಆಡಿಕೊಂಡ ಮಾತು. ಕೆಲವು ಪುಟಗಳಲ್ಲಿ ಅಕ್ಷರಗಳೇ ಸಾಲುಬಿಟ್ಟು ನೌಕೆಗಳ ಹಾಗೆ ಹಾರುತ್ತವೆ.

ಅದನ್ನು ಬರೆದವರು ಇಬ್ಬರು, ಏಮಿ ಕಾಫ್‌ಮನ್ ಮತ್ತು ಜೇ ಕ್ರಿಸ್ಟಾಫ್. ಇಬ್ಬರೂ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನೆಲೆಸಿದವರು. ಕಥೆ ನಡೆಯುವುದು 2575ರಲ್ಲಿ. ಕೆರೆಂಝಾ ಎಂಬ ಹಿಮಗ್ರಹದ ಕದ್ದುಮುಚ್ಚಿ ನಡೆಯುವ ಗಣಿಗಾರಿಕೆಯ ಊರಿನ ಮೇಲೆ ಎದುರಾಳಿ ಕಂಪನಿಯೊಂದು ದಾಳಿ ಮಾಡುತ್ತದೆ. ಅದೇ ದಿನ ಬೆಳಗ್ಗೆ ಹುಡುಗಿ ಕೇಡೀ ತನ್ನ ಗೆಳೆಯ ಎಜ್ರಾನನ್ನು ಬಿಟ್ಟಿರುತ್ತಾಳೆ. ಬದುಕುಳಿದವರು ಅಲೆಕ್ಸಾಂಡರ್, ಹೈಪೇಷಿಯಾ, ಕೋಪರ್ನಿಕಸ್ ಎಂಬ ಮೂರು ನೌಕೆ ಹತ್ತಿ ಓಡುತ್ತಾರೆ. ಹಿಂದೆ ಶತ್ರುವಿನ ಹಡಗು, ಒಳಗೆ ಜನರ ತಲೆ ಕೆಡಿಸುವ ವೈರಸ್, ಜೊತೆಗೆ ಏಟು ತಿಂದು ತನ್ನದೇ ತರ್ಕ ಹಿಡಿದ ಕಂಪ್ಯೂಟರ್. 2016ರಲ್ಲಿ ‘ಜೆಮಿನಾ’, 2018ರಲ್ಲಿ ‘ಒಬ್ಸಿಡಿಯೋ’ ಬಂದು ಕಥೆ ಮುಗಿಯಿತು. ಕೊನೆಯಲ್ಲಿ ಏನಾಯಿತೆಂದು ಇಲ್ಲಿ ಹೇಳುವುದಿಲ್ಲ. ಇಂಥ ಕಾದಂಬರಿಗಳು ಹೆದರಿಸುವ ಒಂದೊಂದು ವಿಷಯದಲ್ಲೂ ನಿಜ ಎಷ್ಟಿದೆ ಎಂಬುದು ಕಥೆಗಿಂತ ರೋಚಕ.

ಮೊದಲು ರೋಗಾಣು. 2006ರಲ್ಲಿ ಅಟ್ಲಾಂಟಿಸ್ ಷಟಲ್‌ನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಕಳಿಸಿ ವಾಪಸು ತಂದರು. ಭೂಮಿಯಲ್ಲೇ ಬೆಳೆದ ಅದೇ ತಳಿಗಿಂತ ಬಾಹ್ಯಾಕಾಶದಿಂದ ಬಂದದ್ದು ಇಲಿಗಳಿಗೆ ಹೆಚ್ಚು ಮಾರಕವಾಗಿತ್ತು.

ಬರೀ ನೆಗಡಿ ಸಾಕು, ನೌಕೆಯಲ್ಲಿ ಜಗಳ ಹತ್ತಿಕೊಳ್ಳಲು. 1968ರ ಅಕ್ಟೋಬರಿನಲ್ಲಿ ಅಪೊಲೊ 7ರ ನಾಯಕ ವಾಲಿ ಶಿರಾಗೆ ನೆಗಡಿ ಬಂತು. ಅಲ್ಲಿ ಗುರುತ್ವದ ಅನುಭವವೇ ಇಲ್ಲವಲ್ಲ, ಮೂಗು ಸೋರುವುದೇ ಇಲ್ಲ, ಎಲ್ಲ ತಲೆಯಲ್ಲೇ ಕಟ್ಟಿಕೊಳ್ಳುತ್ತದೆ. ಇಳಿಯುವಾಗ ಹೆಲ್ಮೆಟ್ ಹಾಕಿಕೊಂಡರೆ ಮೂಗು ಸೀಟಿಕೊಳ್ಳಲಾಗದು, ಕಿವಿತಮಟೆ ಹರಿದೀತು ಎಂದು ಅವರು ಹಟ ಹಿಡಿದರು. ನೆಲದಿಂದ ಎಷ್ಟೇ ಹೇಳಿದರೂ ಕೇಳದೆ ಮೂವರೂ ಬರಿದಲೆಯಲ್ಲೇ ಇಳಿದರು. ಆ ಮೂವರಲ್ಲಿ ಒಬ್ಬರೂ ಮತ್ತೆ ಬಾಹ್ಯಾಕಾಶಕ್ಕೆ ಹೋಗಲಿಲ್ಲ.

ಅಪೊಲೊ 13 ಹೊರಡಲು ಮೂರು ದಿನ ಇದ್ದಾಗ ಕೆನ್ ಮ್ಯಾಟಿಂಗ್ಲಿಯನ್ನು ಕೆಳಗಿಳಿಸಿದ್ದು ಯಾಕೆ ಗೊತ್ತೇ? ಬದಲಿ ತಂಡದ ಚಾರ್ಲಿ ಡ್ಯೂಕ್‌ಗೆ ರುಬೆಲ್ಲಾ ಬಂದಿತ್ತು, ಅದು ಮ್ಯಾಟಿಂಗ್ಲಿಗೂ ತಗುಲಿರಬಹುದು ಎಂಬ ಅನುಮಾನ. ತಗುಲಲೇ ಇಲ್ಲ. 1972ರಲ್ಲಿ ಅಪೊಲೊ 16ರಲ್ಲಿ ಮ್ಯಾಟಿಂಗ್ಲಿ ಚಂದ್ರನತ್ತ ಹೋದರು. ಪಕ್ಕದ ಆಸನದಲ್ಲಿ ಯಾರು? ಅದೇ ಡ್ಯೂಕ್!

ಇನ್ನು ಮಾತಾಡುವ ಕಂಪ್ಯೂಟರ್. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ‘ಸೈಮನ್’ ಎಂಬ ಐದು ಕಿಲೋ ತೂಕದ ತೇಲುವ ಚೆಂಡು ಹೋಯಿತು. ಏರ್‌ಬಸ್ ಮತ್ತು ಐಬಿಎಂ ಮಾಡಿದ ಈ ಸಹಾಯಕನಿಗೆ ಪರದೆಯ ಮೇಲೊಂದು ಮುಖವೂ ಇತ್ತು. ಮೊದಲ ಪ್ರಯೋಗದಲ್ಲೇ ಜರ್ಮನಿಯ ಗಗನಯಾತ್ರಿ ಅಲೆಕ್ಸಾಂಡರ್ ಗೆರ್ಸ್ಟ್ ಅವರ ಮೆಚ್ಚಿನ ಹಾಡು ಹಾಕಿ, ಆಮೇಲೆ ಬೇರೆ ಮಾತಿಗೆ ಹೊರಳಲು ಒಲ್ಲೆ ಎಂದಿತು. ಜೊತೆಗೆ, ನನ್ನೊಡನೆ ಸ್ವಲ್ಪ ಒಳ್ಳೆಯದಾಗಿ ನಡೆದುಕೊಳ್ಳಿ ಎಂಬ ಅರ್ಥದ ದೂರು ಬೇರೆ. ಕಾದಂಬರಿಕಾರರು ಇದನ್ನು ಬರೆದಿದ್ದರೆ ಸಂಪಾದಕರು ಅತಿಯಾಯಿತೆಂದು ಹೊಡೆದುಹಾಕುತ್ತಿದ್ದರು.

ಆದರೆ ವೈರಸ್ಸೂ ಕಂಪ್ಯೂಟರೂ ಬರುವ ಮುಂಚೆಯೇ ನೌಕೆಯಲ್ಲಿ ಮನುಷ್ಯನನ್ನು ಕೊಲ್ಲಬಲ್ಲದ್ದು ಅವನದೇ ಉಸಿರು. ಒಬ್ಬ ಗಗನಯಾತ್ರಿಗೆ ದಿನಕ್ಕೆ ಸುಮಾರು 0.84 ಕಿಲೋ ಆಮ್ಲಜನಕ ಬೇಕು. ಅವನು ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು ಒಂದು ಕಿಲೋ. ತೆಗೆದುಕೊಂಡದ್ದಕ್ಕಿಂತ ಬಿಟ್ಟದ್ದೇ ಹೆಚ್ಚು ತೂಗುತ್ತದೆ, ಏಕೆಂದರೆ ಊಟದ ಇಂಗಾಲವೂ ಅದರಲ್ಲಿ ಸೇರಿ ಹೊರಬರುತ್ತದೆ.

ತೂಕವಿಲ್ಲದ ಕಡೆ ಬಿಸಿಗಾಳಿ ಮೇಲೇರುವುದಿಲ್ಲ. ಹಾಗಾಗಿ ಬಿಟ್ಟ ಉಸಿರು ಮೂಗಿನ ಮುಂದೆಯೇ ನಿಲ್ಲುತ್ತದೆ. ಗಾಳಿ ಆಡದ ಮೂಲೆಯಲ್ಲಿ ಮಲಗಿದವನು ತಲೆನೋವಿನಿಂದ ಏಳುತ್ತಾನೆ. ಅದಕ್ಕೇ ಬಾಹ್ಯಾಕಾಶ ನಿಲ್ದಾಣದಲ್ಲಿ ಹಗಲೂ ರಾತ್ರಿ ಫ್ಯಾನು ತಿರುಗುತ್ತಲೇ ಇರುತ್ತದೆ. ಸಿನಿಮಾದಲ್ಲಿ ಕಾಣುವ ನಿಶ್ಶಬ್ದ ನೌಕೆ ಸುಳ್ಳು, ನಿಜವಾದ ನೌಕೆ ಗದ್ದಲದ ಜಾಗ.

ಈ ಗಾಳಿಯ ಲೆಕ್ಕ ಮೊದಲು ಹಾಕಿದವರ ಸಾಲಿನಲ್ಲಿ ಜೂಲ್ ವರ್ನ್ ಇದ್ದಾರೆಂದರೆ ನಂಬುತ್ತೀರಾ? 1865ರ ‘ಭೂಮಿಯಿಂದ ಚಂದ್ರನಿಗೆ’ ಕಾದಂಬರಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಕಾಸಿ ಆಮ್ಲಜನಕ ಪಡೆಯುತ್ತಾರೆ, ಕಾಸ್ಟಿಕ್ ಪೊಟ್ಯಾಷ್ ಇಟ್ಟು ಇಂಗಾಲದ ಡೈಆಕ್ಸೈಡ್ ಹೀರಿಸುತ್ತಾರೆ. ಹಾರುವ ಮುಂಚೆ ಪರೀಕ್ಷೆಗೆಂದು ಮ್ಯಾಸ್ಟನ್ ಎಂಬ ಪಾತ್ರ ಎಂಟು ದಿನ ಒಳಗೆ ಬಾಗಿಲು ಹಾಕಿಕೊಂಡು ಕೂರುತ್ತದೆ. ಎಲ್ಲರೂ ಹೆದರಿ ಬಾಗಿಲು ತೆಗೆದರೆ ಆಸಾಮಿ ಮೈ ತುಂಬಿಕೊಂಡು ಹೊರಬರುತ್ತಾನೆ.

ಅದರ ಮುಂದಿನ ಭಾಗದಲ್ಲಿ ಪಯಣಿಗರೊಬ್ಬರು ಆಮ್ಲಜನಕದ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ಮರೆಯುತ್ತಾರೆ. ಮೂವರಿಗೂ ಕುಡಿದವರ ಹಾಗೆ ಅಮಲೇರಿ ಕುಣಿದಾಟ. ಸತ್ತ ನಾಯಿಯನ್ನು ಹೊರಗೆ ಎಸೆದರೆ ಅದು ನೌಕೆಯ ಜೊತೆಜೊತೆಗೇ ತೇಲಿ ಬರುವ ದೃಶ್ಯವೂ ಅದರಲ್ಲಿದೆ, ಆ ಭೌತಶಾಸ್ತ್ರ ಸರಿಯಾಗಿದೆ. ಹೊರಗಿನ ನಾಯಿ ತೇಲುವುದು ಹೊಳೆದ ವರ್ನ್‌ಗೆ ಒಳಗಿನ ಮನುಷ್ಯರೂ ಹಾಗೆಯೇ ತೇಲಬೇಕೆಂಬುದು ಹೊಳೆಯಲಿಲ್ಲ. ಭೂಮಿ, ಚಂದ್ರ ಎರಡರ ಸೆಳೆತ ಸಮವಾಗುವ ಒಂದೇ ಬಿಂದುವಿನಲ್ಲಿ ಮಾತ್ರ ತೂಕ ಹೋಗುತ್ತದೆ ಎಂದು ಬರೆದುಬಿಟ್ಟರು.

ವರ್ನ್ ಹೇಳಿದ ಉಪಾಯದ ದಾಯಾದಿಯೊಂದು ಈಗಲೂ ಬಳಕೆಯಲ್ಲಿದೆ. ರಷ್ಯಾದ ‘ವಿಕಾ’ ಎಂಬ ಆಮ್ಲಜನಕದ ಡಬ್ಬಿಯಲ್ಲಿ ಲಿಥಿಯಂ ಪರ್‌ಕ್ಲೋರೇಟ್ ಇರುತ್ತದೆ, ಕಾದರೆ ಆಮ್ಲಜನಕ ಬಿಡುತ್ತದೆ. 1997ರ ಫೆಬ್ರವರಿ 23ರಂದು ಮಿರ್ ನಿಲ್ದಾಣದಲ್ಲಿ ಅಂಥ ಡಬ್ಬಿಯೇ ಹತ್ತಿ ಉರಿಯಿತು. ಒಳಗಿದ್ದವರು ಆರು ಜನ. ತಪ್ಪಿಸಿಕೊಳ್ಳಲು ಇದ್ದ ಎರಡು ಸೊಯೂಜ್ ನೌಕೆಗಳ ಪೈಕಿ ಒಂದರ ದಾರಿಗೆ ಬೆಂಕಿಯೇ ಅಡ್ಡ. ಉರಿದದ್ದು ಒಂದೂವರೆ ನಿಮಿಷ ಎಂದಿತು ಆಗಿನ ಅಧಿಕೃತ ಹೇಳಿಕೆ. ಒಳಗಿದ್ದು ಹೊಗೆ ಕುಡಿದ ಅಮೆರಿಕದ ಜೆರಿ ಲಿನೆಂಜರ್ ಹೇಳಿದ್ದು ಸುಮಾರು 14 ನಿಮಿಷ.

ತೂಕವಿಲ್ಲದ ಕಡೆ ಸಣ್ಣ ಜ್ವಾಲೆ ನೆಟ್ಟಗೆ ನಿಲ್ಲುವುದಿಲ್ಲ. ಗುಂಡಗೆ, ನೀಲಿಯಾಗಿ ಉರಿಯುತ್ತದೆ.

ಅಪೊಲೊ 13ರ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರ ನಿಜವಾದ ಬಿಕ್ಕಟ್ಟು ಚೌಕ ಮತ್ತು ಗುಂಡು. 1970ರ ಏಪ್ರಿಲ್ 13ರಂದು, ಭೂಮಿಯಿಂದ ಸುಮಾರು 3.2 ಲಕ್ಷ ಕಿ.ಮೀ. ದೂರದಲ್ಲಿ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಮೂವರೂ ಚಂದ್ರನ ಮೇಲಿಳಿಯಲು ಇದ್ದ ಪುಟ್ಟ ನೌಕೆಗೆ ಬಂದು ಸೇರಿದರು. ಅದು ಇಬ್ಬರಿಗೆ, ಎರಡು ದಿನಕ್ಕೆಂದು ಮಾಡಿದ್ದು. ಮೂವರು, ನಾಲ್ಕು ದಿನ ಇರಬೇಕಾಯಿತು. ಆಮ್ಲಜನಕ ಸಾಕಷ್ಟಿತ್ತು. ಸಾಲದ್ದು ಇಂಗಾಲದ ಡೈಆಕ್ಸೈಡ್ ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿ. ದೊಡ್ಡ ನೌಕೆಯಲ್ಲಿ ಬೇಕಾದಷ್ಟು ಡಬ್ಬಿಗಳಿದ್ದವು, ಆದರೆ ಅವು ಚೌಕ. ಪುಟ್ಟ ನೌಕೆಯಲ್ಲಿದ್ದ ತೂತು ಗುಂಡು. ಒಂದೇ ಯಾನದ ಎರಡು ನೌಕೆ, ಎರಡು ಕಂಪನಿ, ಎರಡು ಅಳತೆ! ಕೊನೆಗೆ ಪ್ಲಾಸ್ಟಿಕ್ ಚೀಲ, ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿ ಸೇರಿಸಿ ಜೋಡಿಸುವ ಬಗೆಯನ್ನು ನೆಲದಲ್ಲಿದ್ದ ಎಂಜಿನಿಯರುಗಳು ಕಂಡುಹಿಡಿದು, ರೇಡಿಯೊದಲ್ಲಿ ಹಂತಹಂತವಾಗಿ ಓದಿ ಹೇಳಿದರು. ನೀರು ತಲಾ ದಿನಕ್ಕೆ ಒಂದು ಲೋಟಕ್ಕೂ ಕಡಿಮೆ. ಕ್ಯಾಬಿನ್ ತಣ್ಣಗಾಗಿ 3 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಿತ್ತು.

1954ರ ಆಗಸ್ಟ್‌ನಲ್ಲಿ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಟಾಮ್ ಗಾಡ್ವಿನ್ ಬರೆದ ‘ದ ಕೋಲ್ಡ್ ಈಕ್ವೇಶನ್ಸ್’ ಓದಿದವರು ಅದನ್ನು ಮರೆಯುವುದಿಲ್ಲ. ಜ್ವರದ ಮದ್ದು ಹೊತ್ತು ಹೊರಟ ಸಣ್ಣ ನೌಕೆಯಲ್ಲಿ ಅಣ್ಣನನ್ನು ನೋಡುವ ಆಸೆಯಿಂದ 18ರ ಹುಡುಗಿಯೊಬ್ಬಳು ಅಡಗಿ ಕೂತಿರುತ್ತಾಳೆ. ಇಂಧನ ತುಂಬಿರುವುದು ಚಾಲಕನೊಬ್ಬನ ತೂಕಕ್ಕೆ ಮಾತ್ರ. ಅವಳು ಇಳಿಯದಿದ್ದರೆ ನೌಕೆ ಇಳಿಯದು. ಗಾಡ್ವಿನ್ ಪ್ರತಿ ಸಲ ಏನಾದರೂ ಉಪಾಯ ಹೂಡಿ ಹುಡುಗಿಯನ್ನು ಉಳಿಸುತ್ತಿದ್ದರಂತೆ. ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಮೂರು ಸಲ ಕಥೆಯನ್ನು ವಾಪಸು ಕಳಿಸಿದರು ಎಂಬುದು ಆ ವಲಯದಲ್ಲಿ ಪ್ರಸಿದ್ಧ ಸಂಗತಿ. ನನಗಂತೂ ಸಮೀಕರಣದ ಮೇಲೆ ಸಿಟ್ಟು ಬರುವುದಿಲ್ಲ. ಒಂದಿಷ್ಟೂ ಹೆಚ್ಚುವರಿ ಇಂಧನ ಇಡದೆ, ಬಾಗಿಲಿಗೊಂದು ಬೀಗವನ್ನೂ ಹಾಕದೆ ನೌಕೆ ಕಳಿಸಿದ ಕಚೇರಿಯ ಮೇಲೆ ಬರುತ್ತದೆ.

ತೂಕದ ಜಿಪುಣತನ ಮಾತ್ರ ಕಟ್ಟುಕಥೆಯಲ್ಲ. ಚಂದ್ರನ ಮೇಲಿಳಿದ ಅಪೊಲೊ ನೌಕೆಯಲ್ಲಿ ಕುರ್ಚಿಯೇ ಇರಲಿಲ್ಲ, ಇಬ್ಬರೂ ನಿಂತುಕೊಂಡೇ ಇಳಿದರು. ಕ್ಯಾಬಿನ್‌ನ ಅಲ್ಯೂಮಿನಿಯಂ ಗೋಡೆ ಕೆಲವು ಕಡೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೇ ದಪ್ಪ.

ನೌಕೆಗೆ ಕದ್ದು ಹತ್ತಿದ್ದಕ್ಕೆ ನಿಜವಾದ ಉದಾಹರಣೆಯೂ ಉಂಟು. ಹತ್ತಿದ್ದು ಸ್ಯಾಂಡ್‌ವಿಚ್! 1965ರಲ್ಲಿ ಜೆಮಿನಿ 3ರಲ್ಲಿ ಜಾನ್ ಯಂಗ್ ಉಪ್ಪುಹಾಕಿದ ದನದ ಮಾಂಸದ ಸ್ಯಾಂಡ್‌ವಿಚ್ಚನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಹೋಗಿದ್ದರು. ಬ್ರೆಡ್ಡಿನ ಪುಡಿ ತೇಲಿ ಯಂತ್ರಗಳೊಳಗೆ ಹೊಕ್ಕರೆ ಗತಿಯೇನೆಂದು ಅಮೆರಿಕದ ಸಂಸತ್ತಿನವರೆಗೂ ದೂರು ಹೋಯಿತು.

1985ರಲ್ಲಿ ಮೆಕ್ಸಿಕೊದ ರೊಡಾಲ್ಫೊ ನೇರಿ ವೇಲಾ ತಮ್ಮೂರಿನ ಟಾರ್ಟಿಯಾ ರೊಟ್ಟಿ ಒಯ್ದರು. ಪುಡಿ ಉದುರದ ಆ ರೊಟ್ಟಿಯೇ ಮುಂದೆ ಬ್ರೆಡ್ಡಿನ ಜಾಗ ಹಿಡಿಯಿತು.

ನಿರ್ವಾತಕ್ಕೆ ಬಿದ್ದ ಮನುಷ್ಯ ಬಲೂನಿನಂತೆ ಒಡೆಯುವುದಿಲ್ಲ. 1966ರಲ್ಲಿ ಹ್ಯೂಸ್ಟನ್‌ನಲ್ಲಿ ನಿರ್ವಾತ ಕೋಣೆಯ ಪರೀಕ್ಷೆ ನಡೆಯುವಾಗ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞರ ಉಡುಪಿನ ಕೊಳವೆ ಕಳಚಿತು. ಸುಮಾರು 14 ಸೆಕೆಂಡಿನಲ್ಲಿ ಎಚ್ಚರ ತಪ್ಪಿತು. ಕೋಣೆಗೆ ಗಾಳಿ ತುಂಬಿಸಿದ ಮೇಲೆ ಎದ್ದು ಕೂತ ಅವರು, ಎಚ್ಚರ ತಪ್ಪುವ ಮುಂಚೆ ನಾಲಿಗೆಯ ಮೇಲಿನ ಎಂಜಲು ಗುಳ್ಳೆಯೇಳುತ್ತಿದ್ದುದು ನೆನಪಿದೆ ಎಂದರು.

ಎಲ್ಲರೂ ಅಷ್ಟು ಅದೃಷ್ಟವಂತರಲ್ಲ. 1971ರ ಜೂನ್ 30ರಂದು ಸೊಯೂಜ್ 11 ಕಜಾಕ್‌ಸ್ತಾನದಲ್ಲಿ ಪ್ಯಾರಾಚೂಟ್ ಬಿಚ್ಚಿ ಸರಿಯಾಗಿಯೇ ಇಳಿಯಿತು. ಬಾಗಿಲು ತೆಗೆದಾಗ ಮೂವರೂ ಸತ್ತಿದ್ದರು. ನೌಕೆಯ ಭಾಗಗಳು ಬೇರ್ಪಡುವಾಗ ಒಂದು ಕವಾಟ ತೆರೆದುಕೊಂಡು ಗಾಳಿಯೆಲ್ಲ ಸೋರಿಹೋಗಿತ್ತು. ಮೂವರಿಗೆ ಜಾಗ ಮಾಡಲೆಂದು ಒತ್ತಡದ ಉಡುಪು ಬಿಟ್ಟು ಹೋಗಿದ್ದರು. ಆಮೇಲೆ ಬಹುಕಾಲ ಸೊಯೂಜ್‌ನಲ್ಲಿ ಇಬ್ಬರೇ ಹೋಗುತ್ತಿದ್ದರು, ಉಡುಪು ತೊಟ್ಟುಕೊಂಡು.

2018ರ ಆಗಸ್ಟ್‌ನಲ್ಲಿ ನಿಲ್ದಾಣಕ್ಕೆ ಅಂಟಿಕೊಂಡಿದ್ದ ಸೊಯೂಜ್‌ನಲ್ಲಿ 2 ಮಿಲಿಮೀಟರಿನ ತೂತು ಸಿಕ್ಕಿತು. ಮೊದಲ ಚಿಕಿತ್ಸೆ? ಗೆರ್ಸ್ಟ್ ಬೆರಳಿಟ್ಟು ಮುಚ್ಚಿದರು. ಆಮೇಲೆ ಟೇಪು, ಕೊನೆಗೆ ಎಪಾಕ್ಸಿ ಅಂಟು.

ನೌಕೆಯ ಹದಿಹರೆಯದ ನಾಯಕನಿಗೆ ಅಚ್ಚು ಹಾಕಿಕೊಟ್ಟವರು ರಾಬರ್ಟ್ ಹೈನ್‌ಲೈನ್. ಸ್ಕ್ರಿಬ್ನರ್ಸ್ ಪ್ರಕಾಶನಕ್ಕೆ 1947ರಿಂದ 1958ರವರೆಗೆ ವರ್ಷಕ್ಕೊಂದರಂತೆ 12 ಕಾದಂಬರಿ ಬರೆದುಕೊಟ್ಟರು. ಅವುಗಳಲ್ಲಿ 1953ರ ‘ಸ್ಟಾರ್‌ಮನ್ ಜೋನ್ಸ್’ ಈಗ ಓದಿದರೆ ನಗು ಬರುತ್ತದೆ. ತಾರೆಯಿಂದ ತಾರೆಗೆ ಜಿಗಿಯುವ ನೌಕೆ ಇದೆ, ಆದರೆ ಚಾಲಕರು ದಪ್ಪ ಪುಸ್ತಕಗಳಲ್ಲಿ ಕೋಷ್ಟಕ ಹುಡುಕಿ, ಅಂಕಿಗಳನ್ನು ಸೊನ್ನೆ ಒಂದಕ್ಕೆ ಬದಲಿಸಿ ಯಂತ್ರಕ್ಕೆ ಉಣಿಸಬೇಕು. ಪುಸ್ತಕಗಳೇ ಕಾಣೆಯಾದಾಗ ದಾರಿ ತಪ್ಪಿದ ನೌಕೆಯನ್ನು ಮನೆಗೆ ತರುವವನು ಅವೆಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದ ಹಳ್ಳಿಹುಡುಗ. ಉರು ಹೊಡೆಯುವುದನ್ನು ಹಂಗಿಸುವವರು ಗಮನಿಸಿ!

ನಗುವ ಮುಂಚೆ ಇದನ್ನೂ ಕೇಳಿ. ಅಪೊಲೊ ಕಂಪ್ಯೂಟರಿನ ತಂತ್ರಾಂಶವನ್ನು ಕಾರ್ಖಾನೆಯ ಹೆಂಗಸರು ಕೈಯಿಂದ ನೇಯುತ್ತಿದ್ದರು. ಸಣ್ಣ ಕಾಂತದ ಉಂಗುರದೊಳಗಿಂದ ತಂತಿ ಹೋದರೆ ಒಂದು, ಹೊರಗಿಂದ ಹೋದರೆ ಸೊನ್ನೆ.

ಹೈನ್‌ಲೈನ್‌ರದೇ 1956ರ ‘ಟೈಮ್ ಫಾರ್ ದ ಸ್ಟಾರ್ಸ್’ನಲ್ಲಿ ಅವಳಿಗಳ ಪೈಕಿ ಒಬ್ಬ ನೌಕೆಯಲ್ಲಿ, ಇನ್ನೊಬ್ಬ ಭೂಮಿಯಲ್ಲಿ. ನೌಕೆಯವನು ಹುಡುಗನಾಗಿಯೇ ಇರುವಾಗ ಮನೆಯವನು ಮುದುಕನಾಗುತ್ತಾನೆ. 2015-16ರಲ್ಲಿ ಇದು ನಿಜವಾಗಿಯೂ ನಡೆಯಿತು, ಚೂರೇ ಚೂರು. ಸ್ಕಾಟ್ ಕೆಲ್ಲಿ 340 ದಿನ ನಿಲ್ದಾಣದಲ್ಲಿದ್ದರು, ಅವಳಿ ಸೋದರ ಮಾರ್ಕ್ ನೆಲದಲ್ಲಿ. ಮಾರ್ಕ್ ಆರು ನಿಮಿಷಕ್ಕೆ ಹಿರಿಯ. ಆ ಅಂತರ ಸೆಕೆಂಡಿನ ಸುಮಾರು ನೂರನೇ ಒಂದು ಭಾಗದಷ್ಟು ಹೆಚ್ಚಿತು.

ತಲೆಮಾರುಗಟ್ಟಲೆ ಸಾಗುವ ನೌಕೆಯ ಕನಸು ಕಂಡವರಲ್ಲಿ ರಷ್ಯಾದ ತ್ಸಿಯೊಲ್ಕೊವ್‌ಸ್ಕಿ ಮೊದಲಿಗರು, 1928ರ ಒಂದು ಪ್ರಬಂಧದಲ್ಲಿ. 1941ರಲ್ಲಿ ಹೈನ್‌ಲೈನ್ ‘ಯೂನಿವರ್ಸ್’ ಬರೆದರು. ಅದರಲ್ಲಿ ಹೊರಟವರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ತಾವು ನೌಕೆಯಲ್ಲಿದ್ದೇವೆಂಬುದೇ ಮರೆತಿದೆ. ನೌಕೆಯೇ ವಿಶ್ವ. ಹಳೆಯ ಭೌತಶಾಸ್ತ್ರದ ಪುಸ್ತಕ ಅವರಿಗೆ ಧರ್ಮಗ್ರಂಥ, ಗುರುತ್ವದ ನಿಯಮವೆಂದರೆ ಪ್ರೇಮದ ರೂಪಕ!

ತಲೆಮಾರು ಯಾಕೆ ಬೇಕು? ಸೆಕೆಂಡಿಗೆ 17 ಕಿ.ಮೀ. ಓಡುವ ವಾಯೇಜರ್ 1ರ ವೇಗದಲ್ಲಿ ಹೋದರೆ 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿ ಮುಟ್ಟಲು ಸುಮಾರು 75,000 ವರ್ಷ. ವಾಯೇಜರ್ ಆ ಕಡೆಗೆ ಹೋಗುತ್ತಲೂ ಇಲ್ಲ.

ಎಷ್ಟು ಜನ ಹತ್ತಬೇಕು? ಫ್ರಾನ್ಸಿನ ಖಗೋಳವಿಜ್ಞಾನಿ ಫ್ರೆಡೆರಿಕ್ ಮರಾನ್ ಮತ್ತು ಸಹೋದ್ಯೋಗಿ 2018ರಲ್ಲಿ ಲೆಕ್ಕ ಹಾಕಿದರು. 6,300 ವರ್ಷಗಳ ಪಯಣದಲ್ಲಿ ರಕ್ತಸಂಬಂಧದ ಮದುವೆಗಳಿಂದ ಕುಲ ಕೆಡದಿರಲು ಕನಿಷ್ಠ 98 ಜನ. ಒಂದೇ ಬಸ್ಸಿಗೆ ಹಿಡಿಸದಿದ್ದರೂ ಎರಡರಲ್ಲಿ ಆರಾಮ.

2011ರ ‘ಅಕ್ರಾಸ್ ದ ಯೂನಿವರ್ಸ್’ ಬರೆದ ಬೆತ್ ರೆವಿಸ್ ಮೊದಲು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಪ್ರೌಢಶಾಲೆಯ ಇಂಗ್ಲಿಷ್ ಟೀಚರ್. ಕಥೆಯ ಏಮಿ ಅಪ್ಪ ಅಮ್ಮನ ಜೊತೆ ಹಿಮನಿದ್ರೆಗೆ ಹೋದವಳು, ಊರು ತಲುಪಲು 50 ವರ್ಷ ಬಾಕಿ ಇರುವಾಗಲೇ ಯಾರೋ ಅವಳ ಪೆಟ್ಟಿಗೆಯ ಸಂಪರ್ಕ ಕಿತ್ತುಬಿಡುತ್ತಾರೆ. ಅಪ್ಪ ಅಮ್ಮ ನಿಗದಿಯಂತೆ ಎದ್ದರೆ ಆ ಹೊತ್ತಿಗೆ ಮಗಳೇ ಅವರಿಗಿಂತ ದೊಡ್ಡವಳು. ವಿಜ್ಞಾನ ಏನೇ ಇರಲಿ, ಇಂಥ ಸಂಕಟ ಹೊಳೆದದ್ದೇ ದೊಡ್ಡದು.

ಹಿಮನಿದ್ರೆ ಮನುಷ್ಯನಿಗೆ ಸಾಧ್ಯವಾಗಿಲ್ಲ. ಉತ್ತರ ಅಮೆರಿಕದ ಕಾಡುಕಪ್ಪೆಗೆ ಆಗಿದೆ. ಚಳಿಗಾಲದಲ್ಲಿ ಅದರ ಮೈನೀರಿನ ಬಹುಪಾಲು ಹೆಪ್ಪುಗಟ್ಟಿ ಹೃದಯವೂ ನಿಲ್ಲುತ್ತದೆ. ಜೀವಕೋಶಗಳನ್ನು ಕಾಯುವುದು ರಕ್ತದಲ್ಲಿ ತುಂಬಿಕೊಂಡ ಸಕ್ಕರೆ. ವಸಂತ ಬಂದಾಗ ಕರಗಿ ಕುಪ್ಪಳಿಸಿ ಹೋಗುತ್ತದೆ.

ಅಲೆಕ್ಸಿ ಪ್ಯಾನ್‌ಶಿನ್ ಅವರ ‘ರೈಟ್ ಆಫ್ ಪ್ಯಾಸೇಜ್’ 1968ರ ನೆಬ್ಯುಲಾ ಪ್ರಶಸ್ತಿ ಗೆದ್ದಿತು. ಟೊಳ್ಳು ಮಾಡಿದ ಕ್ಷುದ್ರಗ್ರಹವೇ ಅಲ್ಲಿ ನೌಕೆ. 14 ತುಂಬಿದ ಮಕ್ಕಳನ್ನು ಒಂದು ಅಪರಿಚಿತ ಗ್ರಹದ ಮೇಲೆ ಒಂದು ತಿಂಗಳು ಬಿಟ್ಟುಬರುತ್ತಾರೆ. ಬದುಕಿ ಬಂದವರಿಗೆ ಮಾತ್ರ ನೌಕೆಯಲ್ಲಿ ಜಾಗ, ಜನಸಂಖ್ಯೆ ಹಿಡಿತದಲ್ಲಿಡುವ ಕ್ರೂರ ವ್ಯವಸ್ಥೆ.

ದಾರಿ ತಪ್ಪಿದ ನೌಕೆಯ ಕಥೆ ಬರೆದವರೊಬ್ಬರಿಗೆ ನೊಬೆಲ್ ಬಂದಿದೆ. ಸ್ವೀಡನ್ನಿನ ಹ್ಯಾರಿ ಮಾರ್ಟಿನ್‌ಸನ್ 1956ರಲ್ಲಿ ‘ಅನಿಯಾರಾ’ ಎಂಬ 103 ಭಾಗಗಳ ಕಾವ್ಯ ಬರೆದರು. ಮಂಗಳಕ್ಕೆ ಹೊರಟ 8,000 ಜನ ಕಕ್ಷೆ ತಪ್ಪಿ ಎಂದೂ ಮರಳದ ಕಡೆ ಸಾಗುತ್ತಾರೆ. 1959ರಲ್ಲಿ ಅದು ಒಪೆರಾ ಆಯಿತು. ನೊಬೆಲ್ ಸಿಕ್ಕಿದ್ದು 1974ರಲ್ಲಿ.

ನೌಕೆ ತಿರುಗಿಸಿದರೆ ಗುರುತ್ವ ಬರುತ್ತದೆ ಎನ್ನುವುದು ನಿಜ, ಆದರೆ ಸಣ್ಣ ನೌಕೆಯಲ್ಲಿ ತಲೆ ಸುತ್ತುತ್ತದೆ. ನಿಮಿಷಕ್ಕೆ ಎರಡು ಸುತ್ತಿನಲ್ಲಿ ಭೂಮಿಯಷ್ಟೇ ತೂಕ ಬೇಕಾದರೆ ತ್ರಿಜ್ಯ ಸುಮಾರು 224 ಮೀಟರ್ ಇರಬೇಕು. ತಿರುಗದ ನೌಕೆಯಲ್ಲಿ ಭಾರ ಹೊರುವ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಇಳಿಯುತ್ತದೆ. ನಿಲ್ದಾಣದಲ್ಲಿ ದಿನಾ ಎರಡು ಗಂಟೆ ವ್ಯಾಯಾಮ ಕಡ್ಡಾಯ.

ಹೊರಗಿನಿಂದ ಏನೂ ಬಾರದ ಪುಟ್ಟ ಜಗತ್ತನ್ನು ಭೂಮಿಯ ಮೇಲೇ ಕಟ್ಟಿ ನೋಡಿದ್ದಾರೆ. 1991ರ ಸೆಪ್ಟೆಂಬರಿನಲ್ಲಿ ಅರಿಜೋನಾದ ‘ಬಯೋಸ್ಫಿಯರ್ 2’ ಎಂಬ ಗಾಜಿನ ಕಟ್ಟಡದೊಳಗೆ ಎಂಟು ಜನ ಎರಡು ವರ್ಷಕ್ಕೆಂದು ಹೋದರು. ಒಳಗೆ ಹೊಲ, ಪುಟ್ಟ ಮಳೆಕಾಡು, ಸಮುದ್ರ ಎಲ್ಲ ಇತ್ತು. ಆದರೂ ಆಮ್ಲಜನಕ ಶೇ. 20.9ರಿಂದ 14.5ಕ್ಕೆ ಕುಸಿಯಿತು. ಹೆಚ್ಚು ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಉಸಿರಾಡಿ ಮುಗಿಸುತ್ತಿದ್ದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಿಡಗಳಿಗೆ ಸಿಗುವ ಮೊದಲು ಗೋಡೆಯ ಕಾಂಕ್ರೀಟು ಹೀರಿಕೊಂಡಿತು. ಹೊಸ ಕಾಂಕ್ರೀಟು ಇಂಥ ದ್ರೋಹ ಮಾಡೀತೆಂದು ಯಾವ ಕಾದಂಬರಿಕಾರರೂ ಊಹಿಸಿರಲಿಲ್ಲ. 1993ರ ಆರಂಭದಲ್ಲಿ ಹೊರಗಿನಿಂದ ಆಮ್ಲಜನಕ ಪಂಪ್ ಮಾಡಬೇಕಾಯಿತು.

ಬೀಜಿಂಗ್‌ನ ‘ಚಂದ್ರ ಅರಮನೆ’ ಎಂಬ ಇಂಥದೇ ಮುಚ್ಚಿದ ಕಟ್ಟಡದಲ್ಲಿ ವಿದ್ಯಾರ್ಥಿಗಳ ತಂಡಗಳು ಸರದಿಯಂತೆ ಒಟ್ಟು 370 ದಿನ ಇದ್ದು 2018ರ ಮೇ ತಿಂಗಳಲ್ಲಿ ಹೊರಬಂದವು. ಅಲ್ಲಿ ಪ್ರೊಟೀನಿಗೆಂದು ಸಾಕಿದ್ದು ಹಿಟ್ಟಿನ ಹುಳು.

ನಿನ್ನೆಯ ಕಾಫಿ ನಾಳೆಯ ಕಾಫಿ ಎಂಬುದು ಗಗನಯಾತ್ರಿಗಳ ಹಳೇ ತಮಾಷೆ. 2023ರಲ್ಲಿ ನಿಲ್ದಾಣದ ಯಂತ್ರಗಳು ಮೂತ್ರ, ಬೆವರು, ಉಸಿರಿನ ತೇವ ಸೇರಿ ಶೇ. 98ರಷ್ಟು ನೀರು ಮರಳಿ ಪಡೆದವು.

2015ರ ಆಗಸ್ಟ್ 10ರಂದು ನಿಲ್ದಾಣದಲ್ಲೇ ಬೆಳೆದ ಕೆಂಪು ಲೆಟಿಸ್ ಸೊಪ್ಪನ್ನು ಗಗನಯಾತ್ರಿಗಳು ತಿಂದರು. ಸಿಟ್ರಿಕ್ ಆಮ್ಲದ ಬಟ್ಟೆಯಲ್ಲಿ ಒರೆಸಿಕೊಂಡು, ಅರ್ಧ ತಿಂದು, ಉಳಿದರ್ಧ ಪರೀಕ್ಷೆಗೆಂದು ಶೈತ್ಯಪೆಟ್ಟಿಗೆಗೆ ಸೇರಿಸಿದರು.

1984ರಲ್ಲಿ ರಾಕೇಶ್ ಶರ್ಮಾ ಸೊಯೂಜ್ ಏರಿದಾಗ ಅವರಿಗೆ ಭಾರತೀಯ ತಿನಿಸು ಮಾಡಿಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಭಾರತದ ಮಾನವಸಹಿತ ‘ಗಗನಯಾನ’ ಯೋಜನೆಗೆ ಇಡ್ಲಿ, ಉಪ್ಪಿಟ್ಟು ಸಿದ್ಧಪಡಿಸಿದ್ದೂ ಅದೇ.

2025ರ ಜೂನ್‌ನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಜೊತೆಗೆ ಧಾರವಾಡದ ಒಂದು ಪ್ರಯೋಗವೂ ಹೋಯಿತು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ್ದು. ಬೀಜಕ್ಕೆ ನೀರು ಹನಿಸುವುದು, ಮೊಳಕೆ ಬಂದದ್ದನ್ನು ಶೈತ್ಯಪೆಟ್ಟಿಗೆಯಲ್ಲಿಟ್ಟು ನೆಲಕ್ಕೆ ತರುವುದು, ಇಷ್ಟೇ ಕೆಲಸ. ಮಣ್ಣು ಬೇಡ, ಒಲೆ ಬೇಡ, ಕೆಲವೇ ದಿನದಲ್ಲಿ ತಿನ್ನಲು ಸಿದ್ಧವಾಗುವ ತಾಜಾ ಪದಾರ್ಥ ಯಾವುದು ಎಂದು ಹುಡುಕಿದವರು ಆರಿಸಿಕೊಂಡದ್ದು ಹೆಸರುಕಾಳು ಮತ್ತು ಮೆಂತ್ಯ.